ಮಾವನ ಜಿಪ್ಪು

ನಮ್ಮ ಡಿಪೋದಲ್ಲಿ ಬಸ್ಸು ತೊಳೆಯುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಮಾವ ಎಂದೇ ಕರೆಯುವುದು. ಚಳಿಗಾಲ ಬಂತೆಂದರೆ ಹತ್ತಿ ತುಂಬಿದ, ತೋಳಿಲ್ಲದ ಜಾಕೆಟ್ಟು ಹಾಕಿ ಅದರ ಮೇಲೆ ಖಾಕಿ ಅಂಗಿ ತೊಡುತ್ತಾರೆ. ತೋಳಿದ್ದರೆ ನೀರಲ್ಲಿ ನೆನೆಯುತ್ತದೆ ನೋಡಿ. ದಿನಾ ಬೆಳಿಗ್ಗೆ ಹೆಂಡತಿಯೇ "ಗದ್ದ ಎತ್ರೀ" ಎಂದು ಜಿಪ್ಪು ಎಳೆದು ಕಳಿಸುತ್ತಿದ್ದರಂತೆ. ಹೋದ ಮಳೆಗಾಲದಲ್ಲಿ ಆಕೆ ತೀರಿಕೊಂಡರು.

ಮೊನ್ನೆ ಮಾವ ಕತ್ತು ಸೆಟೆಸಿಕೊಂಡು ಕೆಲಸಕ್ಕೆ ಬಂದರು. ಏನಾಯಿತೆಂದು ಕೇಳಿದೆ.

"ಜಿಪ್ಪು ಒಳಗಿನ ಬಟ್ಟೆ ಕಚ್ಕೊಂಡ್ಬಿಟ್ಟಿದೆ ಕಣೋ. ಗದ್ದದ ಕೆಳಗೆ, ಕಣ್ಣಿಗೇ ಕಾಣಲ್ಲ. ರಾತ್ರಿ ಹಾಗೇ ಮಲಗಿದೆ."

ನನಗೆ ರೇಗಿತು. "ಪಕ್ಕದ ಮನೆಯವರನ್ನ ಕರೆಯೋಕೆ ಬಾಯಿಗೇನು ಬೀಗ ಹಾಕಿತ್ತಾ?"

"ಜಿಪ್ಪು ಬಿಚ್ಕೊಡಿ ಅಂತ ಯಾರ ಬಾಗಿಲು ತಟ್ಟಲಿ?"

ನಾನು ಮೆಕ್ಯಾನಿಕ್ಕು. ಮೇಣದಬತ್ತಿ ಉಜ್ಜಿ, ಬೈದುಕೊಂಡೇ ಇಕ್ಕಳದಲ್ಲಿ ಎಳೆದೆ. ಬಟ್ಟೆ ಬಿಡಿಸಿಕೊಂಡಿತು. ಮಾವ ನಾಲ್ಕು ಸಲ ಮೇಲೆ ಕೆಳಗೆ ಎಳೆದು ನೋಡಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಿಯ ಗುಂಡಿಯನ್ನೂ ಹಾಕದೆ, ಜಿಪ್ಪನ್ನೂ ಎಳೆಯದೆ, ನಡುಗುತ್ತಾ ಬಂದವರು ನನ್ನ ಮುಂದೆ ಗದ್ದ ಎತ್ತಿ ನಿಂತರು.

"ನನಗೇನು ಬೇರೆ ಕೆಲಸ ಇಲ್ವಾ ಮಾವ?" ಎಂದು ರೇಗಿದೆ. ಕೈಗೆ ಅಂಟಿದ್ದ ಗ್ರೀಸನ್ನು ಒರೆಸಿಕೊಂಡು ಜಿಪ್ಪು ಎಳೆದೆ.