ಕಾಫಿ ಹೂವು ಹೊತ್ತ ಅಪವಾದ

ಬಾಟಲಿಗಳ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಚಟ ನನಗೆ ಅಂಟಿಕೊಂಡದ್ದು ಇತ್ತೀಚೆಗೆ. ಗೋಣಿಕೊಪ್ಪಲಿನ ಅಂಗಡಿಯಲ್ಲಿ ಕನ್ನಡಕವನ್ನು ಹಣೆಗೇರಿಸಿ, ಸ್ಕ್ವಾಶ್ ಬಾಟಲಿಯನ್ನು ಮೂಗಿನ ತುದಿಗೆ ತಂದು, ತಪಸ್ಸಿಗೆ ನಿಂತವನಂತೆ ನಿಂತುಬಿಡುತ್ತೇನೆ. ಬೆಲೆ ಕಾಣುತ್ತಿಲ್ಲವೇನೋ ಎಂದು ಅಂಗಡಿಯವರು ಗಟ್ಟಿಯಾಗಿ ಬೆಲೆ ಹೇಳುತ್ತಾರೆ. ನಾನು ಹುಡುಕುತ್ತಿರುವುದು ಸಲ್ಫೈಟನ್ನು ಎಂದು ಅವರಿಗೆ ಹೇಗೆ ಹೇಳಲಿ?

ಉಬ್ಬಸ ನನ್ನ ಬಾಲ್ಯಸಖ. ಇನ್ನು ಯುಗಾದಿಗೆ ಶನಿವಾರಸಂತೆಯ ಬಳಿಯ ಅಕ್ಕನ ಮನೆಗೆ ಹೋಗುವುದು ನನ್ನ ವಾರ್ಷಿಕ ವ್ರತ. ಆ ಹೊತ್ತಿಗೆ ಅವರ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ, ಪರಿಮಳ ಎಷ್ಟು ಸಾಂದ್ರವಾಗಿರುತ್ತದೆಂದರೆ, ಜಗಲಿಯಲ್ಲಿ ಕುಳಿತವನಿಗೆ ತಾನು ಎಚ್ಚರದಲ್ಲಿದ್ದೇನೆಯೋ ಕನಸಿನಲ್ಲಿದ್ದೇನೆಯೋ ತಿಳಿಯದು. ಆ ಅರೆನಿದ್ದೆಯ ಸುಖದಲ್ಲಿ, ಅಕ್ಕ ತಾನೇ ಮಾಡಿ ಬಾಟಲಿಗೆ ತುಂಬಿಟ್ಟ ಕಿತ್ತಳೆ ಸ್ಕ್ವಾಶನ್ನು ಒಂದು ಲೋಟ ಕುಡಿದು ಮುಗಿಸುವಷ್ಟರಲ್ಲಿ, ನನ್ನ ಎದೆ ಸುಂಯ್‌ಗುಟ್ಟಲು ತೊಡಗುತ್ತಿತ್ತು.

“ಹೂವಿನ ಗಾಳಿ ಕಣೋ, ನಿಂಗಾಗಲ್ಲ,” ಎಂದು ಅಕ್ಕ ಕಿಟಕಿ ಮುಚ್ಚುತ್ತಿದ್ದಳು. ಭಾವ ತಮ್ಮ ತೋಟದ ಪರವಾಗಿ ಕ್ಷಮೆ ಕೇಳುತ್ತಿದ್ದರು. ದಣಿದಿದ್ದೇನೆಂದು ಅಕ್ಕ ಇನ್ನರ್ಧ ಲೋಟ ಕುಡಿಸುತ್ತಿದ್ದಳು. ಹೀಗೆ ಎಷ್ಟೋ ವಸಂತಗಳನ್ನು ನಾನು ಗಾಜಿನ ಹಿಂದಿನಿಂದಲೇ ಕಂಡೆ.

ಕಳೆದ ವರ್ಷ ನಮ್ಮೂರಿನ ಡಾಕ್ಟರು ನನ್ನ ಪುಷ್ಪದೂಷಣೆಯನ್ನೆಲ್ಲ ಕೇಳಿ, “ಪೊನ್ನಂಪೇಟೆಲಿ ಕಾಫಿ ಹೂ ಬಿಡಲ್ವಾ ಸಾರ್?” ಎಂದರು. ನನ್ನ ಹಿತ್ತಿಲ ಬೇಲಿಗೆ ತಾಗಿಕೊಂಡೇ ತೋಟವಿದೆ. ಅಲ್ಲಿ ಹೂವರಳಿದಾಗ ಒಮ್ಮೆಯೂ ನನಗೆ ಉಸಿರು ಕಟ್ಟಿದ್ದಿಲ್ಲ. ಕೊಡಗಿನಲ್ಲೇ ಹುಟ್ಟಿ ನರೆತವನಿಗೆ ಇದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಅಕ್ಕನ ಮನೆಯಲ್ಲಿ ಏನೇನು ತಿಂದಿರಿ, ಕುಡಿದಿರಿ ಎಂದು ವಿಚಾರಿಸಿದ ಮೇಲೆ ಅವರೇ ವಿವರಿಸಿದರು: ಸ್ಕ್ವಾಶು, ವೈನು, ಒಣಹಣ್ಣು ಕೆಡದಿರಲೆಂದು ಬೆರೆಸುವ ಸಲ್ಫೈಟು ಹೆಚ್ಚಿನವರಿಗೆ ಏನೂ ಮಾಡದು, ಉಬ್ಬಸವಿರುವ ಕೆಲವರಿಗೆ ಮಾತ್ರ ಉಸಿರುನಾಳವನ್ನು ಬಿಗಿಸುತ್ತದೆ. ಅಕ್ಕ ಮಹಿಳೆಯರ ತರಬೇತಿಯೊಂದರಲ್ಲಿ ಕಲಿತುಬಂದು ಸ್ಕ್ವಾಶಿಗೆ ಬೆರೆಸುತ್ತಿದ್ದ ಬಿಳಿ ಪುಡಿ ಆಗ ನೆನಪಾಯಿತು. ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುತ್ತಿದ್ದ, ಬೆಂಕಿಕಡ್ಡಿ ಗೀರಿದಂಥ ಘಾಟನ್ನು ನಾನು ಕಿತ್ತಳೆಯ ತೇಜಸ್ಸೆಂದು ಹೊಗಳಿದ್ದೆ.

ಆದರೆ ಅಕ್ಕನಿಗೆ ಹೇಳುವುದು ಹೇಗೆ? ಆ ಬಾಟಲಿಯನ್ನು ಅವಳು ನನಗೆಂದೇ ಎತ್ತಿಡುತ್ತಾಳೆ, ಭಾವನಿಗೂ ಮುಟ್ಟಗೊಡುವುದಿಲ್ಲ. ಬೇಡವೆಂದರೆ ಅವಳನ್ನೇ ಬೇಡವೆಂದಂತೆ. ಕುಡಿದರೆ ನನ್ನ ಉಸಿರಿಗೆ ಸಂಚಕಾರ. ಬಸ್ಸಿನುದ್ದಕ್ಕೂ ಪೀಠಿಕೆ ಹೆಣೆದುಕೊಂಡು ಹೋದವನು, ಈ ಯುಗಾದಿಗೆ ಅವಳು ಲೋಟ ಮುಂದೆ ಹಿಡಿದಾಗ ಪೀಠಿಕೆಯನ್ನೆಲ್ಲ ಮರೆತು, ಡಾಕ್ಟರು ಹೇಳಿದ್ದನ್ನು ಹಾಗೆಯೇ ಒದರಿಬಿಟ್ಟೆ.

ಅಕ್ಕ ಲೋಟವನ್ನು ಜಗಲಿಯ ಮೇಲಿಟ್ಟು ಕುಳಿತಳು.

“ಮನೆ ಬಾಟ್ಲಿಗೆಲ್ಲ ಆ ಪುಡಿ ಒಂದ್ ಚಿಟಿಕೆ ಹಾಕೋದು ಕಣೋ,” ಎಂದಳು. “ನಿನ್ನದಕ್ಕೆ ಮಾತ್ರ ಮೂರು.”

“ಯಾಕಕ್ಕ?”

“ಕಿತ್ತಳೆ ಇರೋವಾಗ ನೀನು ಬರಲ್ಲ. ನೀನು ಬರೋವರ್ಗೂ ಕೆಡಬಾರದಲ್ಲ.”

ಪೊನ್ನಂಪೇಟೆಯಲ್ಲಿ ಹತ್ತಿ, ನಡುವೆ ಒಮ್ಮೆ ಇಳಿದು ಇನ್ನೊಂದು ಬಸ್ಸು ಹಿಡಿದರೆ ಅಕ್ಕನ ಊರು, ಅಷ್ಟೇ ದೂರ; ನಾನು ಹೋಗುವುದೋ ವರ್ಷಕ್ಕೊಮ್ಮೆ. ಒಂದು ಗುಟುಕೂ ಕುಡಿಯದೆ ನನ್ನ ಎದೆ ಬಿಗಿಯಿತು.