ಸಪ್ಪಳ ಕೇಳಿ ರೊಟ್ಟಿ ಕಲಿಸುವ ಬಸವಣ್ಣೆವ್ವ

ಮನೆಯಲ್ಲೇ ಕುಳಿತು, ಹಣ ತೆತ್ತು ವಿದ್ಯೆ ಪಡೆಯುವ ಈ ಕಾಲದ ಮಾನ್ಯ ವಾಚಕ ಮಹಾಶಯರೇ, ತಾವು ಕಣ್ಣಿಗಿಂತ ಮೊದಲು ಕಿವಿಯನ್ನು ಸಿದ್ಧಪಡಿಸಿಕೊಂಡು ಈ ಲೇಖನದೊಳಗೆ ಬರಬೇಕೆಂದು ವಿನಂತಿ.

ಪುಣೆಯ ಕೋಥರೂಡಿನ ಒಂದು ಅಡುಗೆಮನೆ. ಇನ್ನೂ ಬೆಳಕು ಹರಿದಿಲ್ಲ. ಬಸವಣ್ಣೆವ್ವ ಒಲೆಯ ಪಕ್ಕ ಕುಳಿತಿದ್ದಾರೆ. ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನಿನಿಂದ ಧಪಧಪ ಸಪ್ಪಳ ಬರುತ್ತಿದೆ. ಅದೇ ಊರಿನ ವಾಕಡ, ಖಡಕಿ, ಇನ್ನೆಲ್ಲೆಲ್ಲಿಯದೋ ಅಡುಗೆಮನೆಗಳಲ್ಲಿ ಹೆಣ್ಣುಮಕ್ಕಳು ಏಕಕಾಲಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ನನಗದು ಬರೀ ಗದ್ದಲ. ಅವರಿಗೆ ಒಂದೊಂದು ಅಂಗೈಯೂ ಬೇರೆ.

"ಶೀತಲ್, ಅಂಚಿಗೆ ಬಾರವ್ವ. ನಡುವನ ಬಡಿದ್ರ ತೂತು ಬೀಳ್ತದ."

"ಅಜ್ಜಿ, ವಾಕಡದಾಗಿಂದು ನಿಮಗ ಹ್ಯಾಂಗ ಕಾಣಸ್ತು?"

"ಕಾಣಸೂದೇನು, ನಿನ್ನ ಕೈ ಊರಿಗೆಲ್ಲ ಡಂಗುರಾ ಹೊಡೀಲಿಕ್ಕತ್ತದ!"

ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಇವರು ವರ್ಷಗಟ್ಟಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟವರು. ಮಣಿಕಟ್ಟು ಸೋತಾಗ ವೈದ್ಯರು ಇನ್ನು ಹೊತ್ತುಗಟ್ಟಲೆ ಬಡಿಯಬಾರದೆಂದರು. ಉಳಿದದ್ದು ಕಲಿಸುವ ಕೆಲಸವೊಂದೇ. ಸೊಸೆ ನೀತಾ ಪಾಠಗಳ ವಿಡಿಯೊ ಮಾಡಿ ಮಾರಿದರು. ಜನ ಕೊಂಡರು, ಅರ್ಧಕ್ಕೇ ಬಿಟ್ಟರು. ಕೈ ತೊಳೆದು, ವಿಡಿಯೊ ನಿಲ್ಲಿಸಿ, ಮತ್ತೊಮ್ಮೆ ನೋಡಿ ಬರುವಷ್ಟರಲ್ಲಿ ಕುದಿನೀರಿನಲ್ಲಿ ನಾದಿದ ಹಿಟ್ಟು ಆರಿ ಬಿರಿಯುತ್ತಿತ್ತು.

"ನಾ ಬಡಿಯೂದು ಅವರು ನೋಡ್ತಿದ್ರು. ಅವರು ಬಡಿಯೂದು ನನಗ ಕೇಳ್ತಿದ್ದಿಲ್ಲಲ್ರಿ," ಎನ್ನುತ್ತಾರೆ ಬಸವಣ್ಣೆವ್ವ.

ಆದ್ದರಿಂದಲೇ ಈ ಫೋನ್ ಪಾಠ. ಯಾರೂ ಮುಖ ತೋರಿಸಬೇಕಿಲ್ಲ. ಮ್ಯೂಟ್ ಮಾತ್ರ ಮಾಡುವಂತಿಲ್ಲ. ಇಂದು ಈ ಪ್ರಯೋಗದ ಕೊನೆಯ ದಿನ. ಒಬ್ಬರ ರೊಟ್ಟಿಯೂ ಉಬ್ಬದಿದ್ದರೆ ಕಲಿಸುವುದನ್ನೇ ಬಿಡುವೆನೆಂದು ಅವರು ಸೊಸೆಗೆ ಹೇಳಿಬಿಟ್ಟಿದ್ದಾರೆ.

ಶೀತಲಳ ಸಪ್ಪಳ ತಡವರಿಸಿ ನಿಲ್ಲುತ್ತದೆ. ಬಸವಣ್ಣೆವ್ವ ನೋವಿನ ಕೈಯಿಂದಲೇ ರೊಟ್ಟಿ ಬಡಿಯುವ ಖಾಲಿ ಹಲಗೆಯನ್ನು ಮೆಲ್ಲಗೆ ತಟ್ಟುತ್ತಾರೆ. ಅತ್ತಲಿಂದ ಅದೇ ಲಯ ಮರಳಿ ಬರುತ್ತದೆ. ಊರೂರು ಅಲೆದ ನಾನು, ಕಿವಿಯಿಂದಲೇ ಕೈ ಹಿಡಿದು ಕಲಿಸುವವರನ್ನು ಕಂಡದ್ದು ಇಲ್ಲೇ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದ ಚುರ್ ಸದ್ದು. ಅತ್ತೆ, ಸೊಸೆ, ನಾನು, ಮೂವರೂ ಫೋನಿನತ್ತ ಬಾಗುತ್ತೇವೆ.

"ಉಬ್ಬಿತು ಅಜ್ಜಿ! ಚೆಂಡಿನಂಗ ಉಬ್ಬ್ಯದ!"

ನೀತಾ ಕಣ್ಣೊರೆಸಿಕೊಳ್ಳುತ್ತಾರೆ. "ಅತ್ತಿ, ಆ ಹಳೇ ವಿಡಿಯೊ ತಗದ ಹಾಕ್ಲೇನ್ರಿ?"

"ತಗದ ಹಾಕು. ಅದರಾಗ ನಾ ಭಾಳ ದಪ್ಪ ಕಾಣ್ತೀನಿ." ಆಮೇಲೆ ನನ್ನ ಕಡೆ ತಿರುಗುತ್ತಾರೆ. "ನನ್ನ ಮಾರಿ ಯಾರೂ ನೋಡೂದು ಬ್ಯಾಡ್ರಿ. ನನ್ನ ಕೈ ನಿಂತ್ರೂ ಸಪ್ಪಳ ನಿಲ್ಲಬಾರದು, ಅಷ್ಟ."

ಲೇಖನಿಯನ್ನು ಚೀಲಕ್ಕಿಳಿಸಿ, ಚೀಲವನ್ನು ಹೆಗಲಿಗೇರಿಸಿ ಹೊರಡುತ್ತೇನೆ. ಬಸ್ ನಿಲ್ದಾಣದವರೆಗೂ, ಪ್ರತಿ ಅಡುಗೆಮನೆಯ ಕಿಟಕಿಯ ಕೆಳಗೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.