ಅಣ್ಣನ ಹಾಡಿಗೆ ನಸ್ರೀನಳ ದನಿ

ಹಸಿ ಹೆಂಚಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಖಾನಾಪುರದ ನಮ್ಮ ಮನೆಯ ಹಿತ್ತಲ ಬಾಗಿಲು ಕಣ್ಣೆದುರು ತೆರೆದುಕೊಳ್ಳುತ್ತದೆ. ಅದರಾಚೆ ಅಪ್ಪನ ಹೆಂಚಿನ ಕಾರ್ಖಾನೆ. ಒದ್ದೆ ಮಣ್ಣಿನ ಮೇಲೆ ಅಚ್ಚಿನ ಯಂತ್ರ ಧಪ್ ಎಂದು ಬೀಳುವುದು, ಒಂದು ಉಸಿರು ತಡೆಯುವುದು, ಮತ್ತೆ ಧಪ್. ನಾವೆಲ್ಲ ಆ ಸದ್ದಿನಲ್ಲೇ ಉಂಡು, ಓದಿ, ಬೆಳೆದವರು. ಅದರೊಳಗೊಂದು ಹಾಡಿದೆಯೆಂದು ಕೇಳಿಸಿದ್ದು ಅಣ್ಣ ಪ್ರಭುವಿಗೆ ಮಾತ್ರ. ಎಂಬತ್ತರ ದಶಕದ ಮೊದಲ ವರ್ಷಗಳವು. ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದ ಅವನು ಅಲ್ಲಿಯ ದಂಡಿನ ಬಡಾವಣೆ ಕ್ಯಾಂಪಿನ ಗೆಳೆಯನೊಬ್ಬನಿಂದ ವಿಲಾಯತಿ ಕ್ಯಾಸೆಟ್ಟುಗಳನ್ನೂ ಹಳೆಯದೊಂದು ಬೇಸ್ ಗಿಟಾರನ್ನೂ ತಂದಿದ್ದ. ಆ ಬಗೆಯ ಸಂಗೀತಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವ್ವನ ಬಾಯಲ್ಲಿ ಅದು ಬರೀ ‘ಪ್ರಭೂನ ಗದ್ಲ’.

ಆ ಗದ್ದಲಕ್ಕೊಂದು ಹೆಣ್ಣುದನಿ ಬೇಕೆಂದು ಅಣ್ಣ ಅಂದಾಗ ಅದು ನನ್ನದೇ ಎಂದುಕೊಂಡಿದ್ದೆ. ವಾರವಾರವೂ ಬೆಳಗಾವಿಗೆ ಹೋಗಿ ಸಂಗೀತ ಕಲಿಯುತ್ತಿದ್ದವಳು ನಾನು. ಅವನು ಬರೆದ ಸಾಲಿಗೆ ಕಲಿತ ಆಲಾಪವನ್ನೆಲ್ಲ ಸುರಿದು ಹಾಡಿದೆ. ಅಣ್ಣ ಕೊನೆಯತನಕ ಕೇಳಿದ.

“ನೀ ಭಾಳ ಚಲೋ ಹಾಡ್ತಿ, ಸುಮಾ. ನನಗ ಅಷ್ಟು ಚಲೋ ಬ್ಯಾಡ” ಎಂದ.

ಬಾಜೂ ಮನೆಯ ನಸ್ರೀನ್, ನನ್ನ ಜೀವದ ಗೆಳತಿ, ಹೊಸ್ತಿಲ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಅಣ್ಣ ಅವಳತ್ತ ತಿರುಗಿದ. “ನೀ ಅನ್ನು ನೋಡೂಣು.”

“ನಂಗ ಹಾಡಾಕ ಬರೂದಿಲ್ಲ, ಪ್ರಭಣ್ಣಾ.”

“ಹಾಡಬ್ಯಾಡ. ಸಾಲ್ಯಾಗ ಹಾಜರಿ ಹೇಳ್ತಿಯಲ್ಲ, ಹಂಗ ಅನ್ನು.”

ಶೇಂಗಾದಿಂದ ಕಣ್ಣೆತ್ತದೆ ಅವಳು ನಾನು ಹಾಡಿದ್ದ ಸಾಲನ್ನೇ ಅಂದಳು: “ಲೈಟ್ ಹೋತು, ಲೈಟ್ ಬಂತು. ನಾ ಇಲ್ಲೇ ಅದೀನಿ.” ಅಣ್ಣ ಕಣ್ಣು ಮುಚ್ಚಿಕೊಂಡ. ನನ್ನ ಯಾವ ಹಾಡಿಗೂ ಅವನು ಹಾಗೆ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಆ ಬೇಸಿಗೆಯೆಲ್ಲ ಕಾರ್ಖಾನೆಯಲ್ಲಿ ಅವರ ತಾಲೀಮು ನಡೆಯಿತು. ನಾನು ಚಹಾ ಒಯ್ದು ಕೊಟ್ಟು, ಹೋಗಲೂ ಆಗದೆ ಇರಲೂ ಆಗದೆ ಗೋಡೆಗೊರಗಿ ನಿಲ್ಲುತ್ತಿದ್ದೆ. ನಸ್ರೀನ್ ಎಂದಿನಂತೆ ಬಂದು ನನ್ನ ಜಡೆ ಹೆಣೆಯುತ್ತಿದ್ದಳು. ಅವಳ ಬೆರಳು ತಾಗಿದರೂ ನನಗೆ ಉರಿಯುತ್ತಿತ್ತು. ಅವಳಿಗೆ ನೆಗಡಿಯಾಗಲೆಂದು ಬೇಡಿಕೊಂಡೆ. ಆಯಿತು ಕೂಡ. “ಈಗ ದನಿ ಇನ್ನೂ ಚಲೋ ಆತು ನೋಡು” ಎಂದು ಅಣ್ಣ ಹಿಗ್ಗಿದ. ಯಂತ್ರ ಬಡಿಯುತ್ತಿರುವಾಗಲೇ, ಆ ನೆಗಡಿಯ ದನಿಯಲ್ಲೇ, ಟೇಪ್ ರೆಕಾರ್ಡರಿನಲ್ಲಿ ಹಾಡು ತುಂಬಿಕೊಂಡಿತು.

ಕಾಲೇಜಿನಲ್ಲಿ ಅದನ್ನು ಕೇಳಿದವರಲ್ಲಿ ಬಹಳ ಜನ ನಕ್ಕರು. ಕೆಲವರು ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಓದು ಮುಗಿಸಿ ಮುಂಬಯಿಗೆ ಹೋದ ಅಣ್ಣ ಅಲ್ಲೇ ಕಾಮಾಲೆಯಾಗಿ ತೀರಿಕೊಂಡ. ಅಪ್ಪ ಕಾರ್ಖಾನೆ ಮುಚ್ಚಿದರು. ಆಮೇಲೆ ಮನೆಯೂ ಹೋಯಿತು. ನಿಮ್ಮದೂ ಅಂಥದೊಂದು ಮನೆ ಹೋಗಿದ್ದರೆ, ಅಲ್ಲಿಯ ಸದ್ದುಗಳು ಗೋಡೆಗಳಿಗಿಂತ ಮೊದಲೇ ಹೋಗುತ್ತವೆಂದು ನಿಮಗೆ ಗೊತ್ತು.

ಹಾಡು ಮಾತ್ರ ಕೈಯಿಂದ ಕೈಗೆ ದಾಟುತ್ತ ಉಳಿದಿತ್ತು. ಈಚೆಗೆ ಹುಬ್ಬಳ್ಳಿಯ ಹುಡುಗರಿಬ್ಬರು, ತಮ್ಮ ಕಾರ್ಯಕ್ರಮಗಳಲ್ಲಿ ಅದನ್ನೇ ನುಡಿಸುವವರು, ಹಾಡಿದವಳನ್ನು ಹುಡುಕಿಕೊಂಡು ನಂದಗಡಕ್ಕೆ, ನಸ್ರೀನಳ ಗಂಡನ ಮನೆಗೆ ಬಂದರು. “ನೀ ಬಾ, ಒಬ್ಬಾಕಿನ ಕೇಳಾಕ ನನ್ನ ಕಡೆ ಆಗೂದಿಲ್ಲ” ಎಂದು ಅವಳು ಹೇಳಿಕಳಿಸಿದಳು. ಹೋದೆ.

ಹುಡುಗರು ಫೋನಿನಲ್ಲಿ ಆ ಹಳೆಯ ಹಾಡು ಹಚ್ಚಿದರು. ಯಂತ್ರ ಬಡಿಯಿತು, ಅದರ ಹಿಂದೆಯೇ ಯಾರೋ ಗಂಟಲು ಸರಿಪಡಿಸಿಕೊಂಡರು. ಅಣ್ಣ. “ನಸ್ರೀನ್, ಹೂಂ” ಎಂದ. ಅವನ ದನಿಯೆಂದು ಈ ಲೋಕದಲ್ಲಿ ಉಳಿದಿರುವುದು ಅಷ್ಟೇ. ನಸ್ರೀನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲಿನಿಂದ ಮತ್ತೊಮ್ಮೆ ಹಾಕಿ ಎಂದೆ. ಹಾಕಿದರು. ಅವನು ಮತ್ತೆ ಅವಳನ್ನೇ ಕರೆದ.